ಗುರುವಾರಕ್ಕೆ ಇಪ್ಪತ್ತಾರು ಗಂಟೆ

ಬೆಳಗಿನ ಆರು ಗಂಟೆ. ಕಾಲೇಜಿನ ಕಚೇರಿಯಲ್ಲಿ ಉರಿಯುತ್ತಿರುವುದು ಮೂರನೇ ಕೌಂಟರಿನ ಟ್ಯೂಬ್‌ಲೈಟ್ ಒಂದೇ. ಮೊದಲ ಸೆಮಿಸ್ಟರಿನ ವಿಷಯ ಆರಿಸಿಕೊಳ್ಳಲು ಇವತ್ತೇ ಕೊನೆ. ಎಲ್ಲರ ಬಾಯಲ್ಲೂ ‘ಕೌಂಟರ್ ಅಕ್ಕ’ ಆಗಿರುವ ಗುಮಾಸ್ತೆ ಫಾರ್ಮುಗಳ ಕಟ್ಟು ಬಿಚ್ಚುತ್ತಾರೆ. ನಾಲ್ಕನೆಯದಕ್ಕೆ ಕೈ ನಿಂತುಬಿಡುತ್ತದೆ. ಎಂಟು ವಿಷಯ, ಎರಡು ಲ್ಯಾಬ್! ಇಂಥ ಹುಚ್ಚು ಧೈರ್ಯ ಅವರಿಗೆ ಹೊಸದಲ್ಲ. ಕೈ ನಿಂತದ್ದು ಅಕ್ಷರ ನೋಡಿ. ಅದು ಅವರ ಮಗಳ ಫಾರ್ಮು.

"ಮನೇಲಿ ಐದೇ ಅಂದಿದ್ಲು. ನಿನ್ನೆ ಪಕ್ಕದ ಕೌಂಟರಲ್ಲಿ ಕೊಟ್ಟು ಹೋಗಿದಾಳೆ. ದೀಪದ ಬುಡದಲ್ಲೇ ಕತ್ತಲು ನೋಡಿ!" ವರದಿಗೆಂದು ಪಕ್ಕದಲ್ಲಿ ಕೂತ ನನಗೆ ಫಾರ್ಮು ತೋರಿಸುತ್ತಾರೆ.

ಸರ್ಕಾರಿ ಲೆಕ್ಕದಲ್ಲಿ ಅವರ ಕೆಲಸ ಸೀಲು ಒತ್ತುವುದಷ್ಟೇ. ಆದರೆ ಇಪ್ಪತ್ತೊಂದು ವರ್ಷದಿಂದ ಅವರದೇ ಒಂದು ಪದ್ಧತಿ. ಫಾರ್ಮಿನ ಬೆನ್ನಿಗೆ ದಿನಕ್ಕೆ ಇಪ್ಪತ್ತನಾಲ್ಕು ಚೌಕ ಹಾಕಿಸುತ್ತಾರೆ. ನಿದ್ದೆ, ಓಡಾಟ, ಪಾಠ, ಓದು, ದುಡಿಮೆ ಎಲ್ಲಕ್ಕೂ ಪೆನ್ಸಿಲಿನಿಂದ ಕಪ್ಪು ತುಂಬಿಸುತ್ತಾರೆ. ಬಿಳಿ ಚೌಕ ಉಳಿದರೆ ಸೀಲು, ಇಲ್ಲದಿದ್ದರೆ ಫಾರ್ಮು ವಾಪಸು. ಹೊಸಬರು ಎಡವುವುದು ಲ್ಯಾಬಿನಲ್ಲಿ. ಒಂದೇ ಕ್ರೆಡಿಟ್ಟು, ಹಗುರ ಎಂದುಕೊಳ್ಳುತ್ತಾರೆ, ಅದು ಮೂರು ಗಂಟೆ ನುಂಗುತ್ತದೆ. ದಿನಕ್ಕೆ ನೂರಿಪ್ಪತ್ತು ಫಾರ್ಮು ಬಂದರೆ ನಲವತ್ತು ಮರಳುತ್ತವೆ. "ನಿಮಗೆ ಸಂಬಳ ಉಪದೇಶಕ್ಕಲ್ಲ" ಎಂದು ಮೇಲಧಿಕಾರಿ ಗದರಿದ್ದೂ ಉಂಟು.

"ಎರಡು ಕಷ್ಟದ್ದು, ಎರಡು ಹದವಾದದ್ದು, ಒಂದು ಮನಸ್ಸಿಗೆ ಹಿಡಿಸಿದ್ದು. ಮೊದಲ ಸಲಕ್ಕೆ ಅಷ್ಟು ಸಾಕು," ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿಯ ಒಂಬತ್ತು ವಿಷಯದ ಫಾರ್ಮಿಗೆ ಕಣ್ಣುಮುಚ್ಚಿ ಸೀಲು ಒತ್ತಿದ್ದರು. ಮೂರೇ ತಿಂಗಳಲ್ಲಿ ಅವಳು ಇದೇ ಕಿಟಕಿಗೆ ಬಂದಳು, ಕಾಲೇಜು ಬಿಡುವ ಪತ್ರ ಹಿಡಿದು. "ಆ ಮುಖ ಮರೆಯೋಕಾಗಲ್ಲ."

ಈಗ ಮಗಳ ಗುರುವಾರಕ್ಕೆ, ಲ್ಯಾಬ್ ಇರುವ ದಿನಕ್ಕೆ, ಕಪ್ಪು ತುಂಬುತ್ತಾರೆ. ನಿದ್ದೆ ಏಳು, ಬಸ್ಸು ಎರಡು, ಲ್ಯಾಬೂ ಸೇರಿ ಪಾಠ ಆರು, ಓದು ಐದು, ಜೆರಾಕ್ಸ್ ಅಂಗಡಿ ಕೆಲಸ ನಾಲ್ಕು, ಊಟ ಸ್ನಾನ ಎರಡು. ಚೌಕಗಳು ಮುಗಿದರೂ ಲೆಕ್ಕ ಮುಗಿಯುವುದಿಲ್ಲ. ಇಪ್ಪತ್ತಾರು! ಎರಡನೇ ಸಲ ಎಣಿಸಿದರೂ ಅಷ್ಟೇ.

ಒಂಬತ್ತಕ್ಕೆ ಮಗಳು ಕಿಟಕಿಯಾಚೆ ನಿಲ್ಲುತ್ತಾಳೆ.

"ಇದಕ್ಕೆ ಸೀಲು ಒತ್ತಲ್ಲ ಕಣೇ. ಯಾಕೆ ಸುಳ್ಳು ಹೇಳಿದೆ?"

"ಒಂದು ವರ್ಷ ಮೊದಲೇ ಮುಗಿಸಿದ್ರೆ ನಿನಗೆ ಸ್ವಲ್ಪ ಉಸಿರಾಡೋಕಾಗುತ್ತೆ ಅಂತ. ನಿನ್ನ ಗುರುವಾರ ಯಾವತ್ತಾದ್ರೂ ಎಣಿಸಿದೀಯಾ, ಅಮ್ಮ?"

ಮಗಳು ಪೆನ್ಸಿಲು ಎಳೆದುಕೊಂಡು ಖಾಲಿ ಹಾಳೆಯಲ್ಲಿ ಚೌಕ ಹಾಕುತ್ತಾಳೆ. ಕಚೇರಿ ಹನ್ನೊಂದು, ನಿದ್ದೆ ಆರು, ಬಸ್ಸು ಎರಡು, ಮನೆಗೆಲಸ ಮೂರು, ಹೊಲಿಗೆ ಮೂರು. ಇಪ್ಪತ್ತೈದು! ಸಾವಿರಾರು ಮಕ್ಕಳ ದಿನ ಅಳೆದವರು ತಮ್ಮ ಹಾಳೆಯನ್ನು ಬೆಪ್ಪಾಗಿ ನೋಡುತ್ತಾರೆ.

"ಇದಕ್ಕೆ ಯಾರು ಸೀಲು ಒತ್ತಬೇಕು?" ಮಗಳು ಕೇಳುತ್ತಾಳೆ.

ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿದ್ದಾರೆ. ಕೊನೆಗೆ ಕೌಂಟರ್ ಅಕ್ಕ ತಮ್ಮ ಹಾಳೆಯ ಹೊಲಿಗೆಯನ್ನು ಗೀಟೆಳೆದು ಹೊಡೆದುಹಾಕುತ್ತಾರೆ. "ಈಗ ನಿಂದು."

ಮಗಳು ಮೂರು ವಿಷಯ ಹೊಡೆದುಹಾಕುತ್ತಾಳೆ. ಸೀಲು ಬೀಳುತ್ತದೆ. ಅವಳು ಹೊರಟ ಮೇಲೆ ಅಕ್ಕ ತಮ್ಮ ಗುರುವಾರದ ಹಾಳೆಯನ್ನು ಮಡಚಿ ಪರ್ಸಿಗೆ ಸೇರಿಸುತ್ತಾರೆ.

"ಚೌಕ ಎಷ್ಟು ನೇರ ಹಾಕಿದಾಳೆ ನೋಡಿದ್ರಾ?" ಎನ್ನುತ್ತಾ ಮುಂದಿನ ಫಾರ್ಮಿಗೆ ಕೈ ಚಾಚುತ್ತಾರೆ.