ಎತ್ತರದ ಮೊಳೆಯ ಜಾಕೆಟ್

ಬಾಗಿಲು ತಾನಾಗಿಯೇ ತೆರೆಯಿತು. ಒಳಗೆ ಯಾರೂ ಕಾಣಲಿಲ್ಲ. ಕತ್ತಲಿಂದ ಮೂರು ಸಲ ಸೀಟಿ ಊದಿದ ಸದ್ದು ಮಾತ್ರ ಬಂತು. ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಮನೆಮನೆಗೆ ಹೇಳುತ್ತಾ, ಆಶಾ ಕಾರ್ಯಕರ್ತೆಯಾದ ನಾನು ಬೆಳಕವಾಡಿ ಕಡೆಯ ಹೊಳೆಯಂಚಿನ ಆ ಮನೆಗೆ ಹೋಗಿದ್ದೆ. ಮಟಮಟ ಮಧ್ಯಾಹ್ನವಾದರೂ ಮೈ ಜುಮ್ಮೆಂದಿತು.

ಗೋಡೆಗಳ ಮೇಲ್ಭಾಗ ಪೂರ್ತಿ ಬರಿದು. ಟಾರ್ಚು, ಹಗ್ಗ, ನೀರಿನ ಬಾಟಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಪತ್ರ, ಬಾಗಿಲ ಚಿಲಕ ಕೂಡ ನನ್ನ ಮೊಣಕಾಲಿಗಿಂತ ಕೆಳಗಿದ್ದವು. ಮೇಲೆ ಇದ್ದದ್ದು ಒಂದೇ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಎತ್ತರದ ಮೊಳೆಯಲ್ಲಿ ಅದು ನೇಣು ಬಿದ್ದವರ ಹಾಗೆ ಮೆಲ್ಲಗೆ ತಿರುಗುತ್ತಿತ್ತು.

“ಎದ್ರುಕೊಂಡ್ಯೇನವ್ವ? ಕೆಳಗ್ನೋಡು.”

ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಜಯಕ್ಕ ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದರು. ಕೊರಳಲ್ಲಿ ಸೀಟಿ, ಎದೆಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ನೀರು ಬಂದರೆ ತೆವಳಿಕೊಂಡು ಆಚೆ ಬರುವುದನ್ನು ಅಭ್ಯಾಸ ಮಾಡುತ್ತಿದ್ದರಂತೆ.

“ಜಾಕೆಟ್ ಹಾಕೊಳ್ಳೋದಲ್ವಾ, ಜಯಕ್ಕ?” ಎಂದೆ.

“ಓದ್ ವರ್ಸ ನೀನೇ ತಂದು ಅಲ್ಲಿ ನೇತಾಕಿ ಓದೆ. ಯಾರ್ ಕೈಲಾದ್ರೂ ಇಳಿಸ್ಕೊಬೋದಿತ್ತು. ನೀನೇ ಬಂದು ನೋಡ್ಲಿ ಅಂತ ಬುಟ್ಟೆ. ನಿಂಗೆ ಮೊಣಕಾಲ್ಗಂಟ ಬರೋ ನೀರು ನಂಗೆ ಕತ್ಗಂಟ ಬತ್ತದೆ ಕಣವ್ವ.”

ಜಾಕೆಟ್ ಇಳಿಸಿ, ಅವರ ಕೈಗೆಟಕುವ ಹಾಗೆ ಟಾರ್ಚಿನ ಪಕ್ಕದಲ್ಲಿಟ್ಟೆ.

ಈಗ ಹೊಳೆಗೆ ನೀರು ಬಿಟ್ಟ ಸುದ್ದಿ ಬಂದಾಗಲೆಲ್ಲ ನಾನು ಒಂದು ಗಳಿಗೆ ನೆಲದ ಮೇಲೆ ಕೂರುತ್ತೇನೆ. ಅಲ್ಲಿಂದ ನೋಡಿದರೆ ನಮ್ಮ ಮನೆ ಬಾಗಿಲ ಚಿಲಕ ಬಹಳ ಎತ್ತರದಲ್ಲಿದೆ.