ಬಿಚ್ಚಿಸದ ಬೂಟು

ಸೇನೆಯ ವೈದ್ಯೆಯಾಗಿ ನನ್ನ ಮೊದಲ ನೇಮಕ ದೆಹಲಿಯ ದಂಡು ಪ್ರದೇಶದಲ್ಲಿ. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಗಣರಾಜ್ಯೋತ್ಸವದ ಪೆರೇಡಿಗೆ ತಾಲೀಮು ನಡೆಯುತ್ತಿದ್ದ ಆ ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೇ ನನ್ನ ಕೋಣೆಯೆದುರು ಜವಾನರ ಸಾಲು. ಕೆಮ್ಮು, ಜ್ವರ, ಬೊಬ್ಬೆಯೆದ್ದ ಪಾದ. ಒಬ್ಬೊಬ್ಬರಿಗೆ ಎರಡು ನಿಮಿಷ. ಹತ್ತು ಗಂಟೆಯ ಹೊತ್ತಿಗೆ ನನಗೆ ಮುಖಗಳು ಕಾಣುತ್ತಿರಲಿಲ್ಲ, ಬರೀ ಚೀಟಿಗಳು.

ಗದಗದ ಕಡೆಯ ಹವಾಲ್ದಾರರೊಬ್ಬರು ಕಾಲು ನೋವೆಂದು ಬಂದರು. ಅವರ ಹಿಂದಿ ಕೇಳಿ, "ಕನ್ನಡದವರಾ?" ಎಂದೆ. ಮುಖ ಅರಳಿತು. "ಸ್ವಲ್ಪ ನೋವ್ರೀ ಮೇಡಂ, ಗುಳಿಗಿ ಕೊಡ್ರಿ ಸಾಕು." ಕೊಟ್ಟೆ. ವಾರ ಬಿಟ್ಟು ಮತ್ತೆ ಬಂದರು, ಮತ್ತೆ ಗುಳಿಗೆ. ಸೇನೆಯ ಆ ಎತ್ತರದ ಬೂಟಿನ ಲೇಸು ಬಿಚ್ಚಿ ಕಟ್ಟಲು ಐದು ನಿಮಿಷ ಬೇಕು. ಹಿಂದೆ ನಲವತ್ತು ಜನ ನಿಂತಿದ್ದರು. ಬಿಚ್ಚಿ ಅನ್ನಲಿಲ್ಲ.

ಮೂರನೆಯ ಸಲ ಅವರನ್ನು ತಾಲೀಮಿನ ಮೈದಾನದಿಂದ ಇಬ್ಬರು ಹೊತ್ತು ತಂದರು. ಬೂಟನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಮೊದಲೇ ಬಿರುಕು ಬಿಟ್ಟಿದ್ದ ಪಾದದ ಮೂಳೆ ಈಗ ಪೂರ್ತಿ ಮುರಿದಿರುವುದು ಎಕ್ಸ್‌ರೇಯಲ್ಲಿ ಕಂಡಿತು.

"ಇಷ್ಟು ನೋವನ್ನ ಸ್ವಲ್ಪ ಅಂದ್ರಲ್ಲ?"

"ಜಾಸ್ತಿ ಅಂದಿದ್ರ ಪೆರೇಡಿಂದ ತಗದ್ ಹಾಕ್ತಿದ್ರಿ. ಹದಿನಾಲ್ಕು ವರ್ಷದಾಗ ಇದೊಂದ ಸಲ ನನ್ನ ಹೆಸರು ಬಂದಿತ್ರೀ."

ಗೋಡೆಯ ಕಡೆ ಹೊರಳಿ ಅತ್ತರು. ಪೆರೇಡಿಗೆ ಅನರ್ಹರೆಂದು ಸಹಿ ಮಾಡಿ, "ನಾನು ಬೂಟು ಬಿಚ್ಚಿಸಿ ನೋಡಬೇಕಿತ್ತು. ತಪ್ಪು ನಂದು" ಎಂದೆ. ಸೇನೆಯಲ್ಲಿ ಅಧಿಕಾರಿಯಾದವರು ಕೆಳಗಿನವರಿಗೆ ಹಾಗೆ ಹೇಳುವ ವಾಡಿಕೆಯಿಲ್ಲ. ನನಗಿಂತ ಹೆಚ್ಚು ಮುಜುಗರಪಟ್ಟವರು ಅವರೇ. "ಹಂಗ ಅನಬ್ಯಾಡ್ರಿ ಮೇಡಂ" ಎಂದರು.

ಮರುದಿನದಿಂದ ಕಾಲುನೋವೆಂದ ಪ್ರತಿಯೊಬ್ಬರ ಬೂಟು ಬಿಚ್ಚಿಸಿದೆ. ಸಾಲು ಮಧ್ಯಾಹ್ನದವರೆಗೂ ಕರಗಲಿಲ್ಲ. ಹಿರಿಯ ಅಧಿಕಾರಿ ಬಂದು, "ಇತನೀ ದೇರ್ ಕ್ಯೂಂ, ಡಾಕ್ಟರ್?" ಎಂದು ತಡವಾದದ್ದಕ್ಕೆ ಗದರಿದರು. ಮುಂದಿನವರನ್ನು ಕರೆದು ಬೂಟು ಬಿಚ್ಚಲು ಹೇಳಿದೆ.

ಹವಾಲ್ದಾರರ ಮೂಳೆ ಕೂಡಿತು, ಆದರೆ ಸ್ವಲ್ಪ ಕುಂಟು ಉಳಿಯಿತು. ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಮುಂದೊಮ್ಮೆ ನಾನು ಕಂಬಳಿ ತರಲು ಅಲ್ಲಿಗೆ ಹೋದಾಗ ನನ್ನನ್ನು ಕಂಡು ಎದ್ದು, ಭಾರವನ್ನೆಲ್ಲ ಒಂದೇ ಕಾಲಿಗೆ ಬಿಟ್ಟು, ಸೆಲ್ಯೂಟ್ ಹೊಡೆದರು. ನಾನೂ ಹೊಡೆದೆ. ಕಂಬಳಿ ಎಣಿಸಿಕೊಟ್ಟರು.