ಧೂಳಪ್ಪನ ಗಂಟಲು

ಹನ್ನೂರಿನ ಕುರಿಹಟ್ಟಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಗಲಾಬಾಯಿ ದೊಡ್ಡ ಬುಟ್ಟಿ ಎತ್ತಿ, ಅದರಡಿಯ ಮರಿಗಳನ್ನು ತಾಯಂದಿರ ಕಡೆಗೆ ಬಿಡುತ್ತ ಕುರಿಗಾರರ ದೇವರು ಬೀರೋಬನ ಪದ ಹಾಡುತ್ತಿದ್ದಾರೆ. ದನಿ ಸಲೀಸಾಗಿ ಮೇಲಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಅಷ್ಟರಲ್ಲಿ ದಾರಿಯ ಮೇಲೆ ಎತ್ತಿನ ಗೆಜ್ಜೆ ಕೇಳಿಸುತ್ತದೆ. ಅವರು ನುಡಿಯ ನಡುವೆಯೇ ಬಾಯಿ ಮುಚ್ಚಿ, ಪೇಪರಿಗೆ ಬರೆಯಲು ಬಂದ ನನ್ನತ್ತ ತಿರುಗುತ್ತಾರೆ.

"ಯಾರೋ ಬಂದ್ರು. ಇನ್ನ ನಾ ಮೂಕಿ."

ಈ ದನಿಯನ್ನು ಸೊಲ್ಲಾಪುರ ಬಲ್ಲದು. ನವಿ ಪೇಠದ ಗ್ರಾಮೊಫೋನ್ ಅಂಗಡಿಯ ಮುಂದೆ ಗಿರಣಿ ಬಿಟ್ಟ ಜನ ನಿಂತು ಕೇಳುತ್ತಾರೆ. ಪ್ಲೇಟಿನ ಮೇಲೆ ಅಚ್ಚಾದ ಹೆಸರು ಮಾತ್ರ ಇವರ ಗಂಡನದು: ಧೂಳಪ್ಪ ಹನ್ನೂರಕರ. ಅಂಗಡಿಯ ಚನ್ನವೀರಪ್ಪನವರಿಗೆ ಅದೇ ಒಂದು ಸೋಜಿಗ; ನಾನು ಹೋದಾಗ ಹೇಳಿದ್ದರು: "ಇದು ಗಂಡಸಿನ ಗಂಟಲು ಅಂದ್ರ ನಂಬ್ತೀರೇನ್ರಿ ಅಕ್ಕಾರ? ನಾಟಕದಾಗ ಗಂಡಸರು ಮೈಗೆ ಸೀರಿ ಉಡತಾರ. ಈ ಮನಶ್ಯಾ ದನಿಗೇ ಉಡಿಸ್ಯಾನ!"

ಸುಗಲಾಬಾಯಿ ನಾಗಣಸೂರಿನ ಮಗಳು. ತಾಯಿಯ ಬೆನ್ನ ಹಿಂದೆ ಕುರಿ ಕಾಯುತ್ತ ಪದ ಕಲಿತವರು. ತೊಟ್ಟಿಲಿಗೆ, ಮದುವೆಗೆ, ಗುಡಿಗೆ, ಕರೆದಲ್ಲಿ ಹೋಗಿ ಹಾಡಿದವರು. ಧೂಳಪ್ಪನವರು ಹಿಂದೆ ಕೂತು ಡೊಳ್ಳು ಬಾರಿಸುತ್ತಿದ್ದರು. ಹನ್ನೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಊರಿನವನೊಬ್ಬನ ಹೆಸರಾಯಿತಲ್ಲ ಎಂದು ಗಂಡಸರು ಸುಮ್ಮನಿದ್ದಾರೆ. ಹೆಂಗಸರು ಸುಮ್ಮನಿರುವುದು ರೂಢಿಯಿಂದ.

ಮೂವತ್ತೊಂದನೇ ಇಸವಿಯ ಚಳಿಗಾಲದಲ್ಲಿ ಪ್ಲೇಟ್ ಮಾಡುವ ಕಂಪನಿಯವರು ಸೊಲ್ಲಾಪುರಕ್ಕೆ ಬಂದಿಳಿದಾಗ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಹಾಡಿದವರು ಸುಗಲಾಬಾಯಿ.

"ಪದದ ಕಡೀ ನುಡ್ಯಾಗ ಹಾಡಿದವರ ಹೆಸರು, ಊರು ಬರತದ್ರಿ. ಅಲ್ಲೀತನಕ ಹೋಗೂದ್ರಾಗ ಪ್ಲೇಟ್ ತುಂಬ್ತು, ಸಾಕ್ ಅಂದ್ರು. ಆಮ್ಯಾಲ ಹೊರಗ ಕುಂತ ಮುನಶಿ 'ನಾವ್ ಕಾಯ್?' ಅಂತ ಹೆಸರು ಕೇಳಿದ. ನಾ ಬಾಯಿ ತಗಿಯೂದ್ರಾಗ ಇವರು ತಮ್ಮ ಹೆಸರು ಹೇಳಿಬಿಟ್ರು. ನನ್ನ ಮಾರಿ ಸುದ್ದಾ ನೋಡಲಿಲ್ಲ."

ಗಂಡನ ಹೆಸರನ್ನು ಬಾಯಲ್ಲಿ ತರಬಾರದು ಎಂದು ಬೆಳೆದ ಹೆಣ್ಣು. ಆ ಬಾಯಿಂದ ಹೊರಟ ಪದವೆಲ್ಲ ಈಗ ಅದೇ ಹೆಸರು ಹೊತ್ತು ತಿರುಗುತ್ತಿದೆ.

ಈ ವರ್ಷ ಕಂಪನಿ ಮತ್ತೆ ಕರೆ ಕಳಿಸಿತು. ಈಗ ಹೆಸರಿದ್ದವರೇ ಹಾಡಬೇಕು; ಹೋದರೆ ಸುಳ್ಳು ಬಯಲಾಗುತ್ತದೆ. ಗಂಟಲು ಕೆಟ್ಟಿದೆ, ಬರಲಾಗದು ಎಂದು ಧೂಳಪ್ಪನವರು ಹೇಳಿ ಕಳಿಸಿದರು. ಅಂದಿನಿಂದ, ನನ್ನೊಬ್ಬಳ ಹೊರತು, ಪರ ಊರಿನವರ ಕಿವಿಗೆ ಬೀಳುವಂತೆ ಸುಗಲಾಬಾಯಿ ಹಾಡುವ ಹಾಗಿಲ್ಲ. ಅವರ ಪದ ಈಗ ಕುರಿಗಳಿಗಷ್ಟೇ.

ಗಾಡಿಯಿಂದ ಇಳಿದವರು ಅಕ್ಕಲಕೋಟೆಯ ಇಬ್ಬರು ಅಭಿಮಾನಿಗಳು. ಧೂಳಪ್ಪನವರು ಕುತ್ತಿಗೆಗೆ ರುಮಾಲು ಸುತ್ತಿಕೊಂಡು ಹೊರಬರುತ್ತಾರೆ, ಪಿಸುದನಿಯಲ್ಲಿ "ಬರ್ರಿ, ಕೂಡ್ರಿ" ಅನ್ನುತ್ತಾರೆ. ಬಂದವರಲ್ಲಿ ಹಿರಿಯರು ಜ್ಯೇಷ್ಠಮಧು, ಮೆಣಸು, ಒಣಶುಂಠಿಯ ಗಂಟನ್ನು ಸುಗಲಾಬಾಯಿಯ ಕೈಗಿಡುತ್ತಾರೆ.

"ತಂಗೀ, ಯಜಮಾನ್ರನ್ನ ಛಂದಂಗಿ ನೋಡ್ಕೊ. ಅಂಥಾ ಗಂಟಲು ಮತ್ತ ಹುಟ್ಟೂದಿಲ್ಲ."

ಸುಗಲಾಬಾಯಿ ಸೆರಗು ಮುಂದೆಳೆದು ತಲೆಯಾಡಿಸುತ್ತಾರೆ. ಮಾತಾಡಿದರೆ ದನಿಯ ಗುರುತು ಸಿಕ್ಕೀತು.

ಇದನ್ನೆಲ್ಲ ಬರೆಯಲೇ ಎಂದು ಒಳಗೆ ಒಲೆಯ ಮುಂದೆ ಕೇಳುತ್ತೇನೆ.

"ಹೆಸರು ಸಹಿತ ಬರೀರಿ. ಇಲ್ಲಿ ಸಾಲ್ಯಾಗ ಕಲಸೂದು ಮರಾಠಿ. ನಿಮ್ಮ ಕನ್ನಡ ಪೇಪರ್ ಯಾರು ಓದಬೇಕು?" ನಗುತ್ತಾರೆ. ಆ ನಗುವಿನಲ್ಲಿ ಸಂತೋಷವಿಲ್ಲ.

ಅವರಿಗೊಂದು ಆಸೆಯಿದೆ. "ಇನ್ನೊಮ್ಮಿ ಪ್ಲೇಟ್ ಮಾಡಿದ್ರ, ಕಡೀ ನುಡಿ ಮೊದಲ ಹಾಡಿಬಿಡ್ತೀನ್ರಿ. ಆಮ್ಯಾಲ ಎಲ್ಲಿ ಬೇಕಾದಲ್ಲಿ ನಿಂದರಸ್ಲಿ."

ಹೇಳುತ್ತಲೇ ಶುಂಠಿ, ಮೆಣಸು ಜಜ್ಜಿ ಕಷಾಯ ಕುದಿಸುತ್ತಾರೆ. ಹೊರಗೆ ಧೂಳಪ್ಪನವರು ಬಂದವರಿಗೆ ಕೇಳಿಸುವಂತೆ ಕೆಮ್ಮುತ್ತಿದ್ದಾರೆ. ಅವರಿಗೆ ಒಯ್ಯುವುದಿಲ್ಲವೇ ಎನ್ನುತ್ತೇನೆ.

ಸುಗಲಾಬಾಯಿ ಬಟ್ಟಲನ್ನು ಬಾಯಿಗೆ ಹಚ್ಚುತ್ತಾರೆ.

"ನಾನಾ ಕುಡೀತೀನ್ರಿ. ಗಂಟಲು ನಂದಲ್ಲೇನು?"